ನೈಕಿ ಬಂಡವಾಳದ ವೆಚ್ಚ 8.4% ಬಂತು, ಸರಿನಾ ಮೇಡಂ?

ಮೈಸೂರು ಎಂಬಿಎ: ನಮಸ್ಕಾರ ಮೇಡಂ. 2001ರ ಜುಲೈಗೆ ನೈಕಿ ಕಂಪನಿಯ ಬಂಡವಾಳದ ವೆಚ್ಚ (ಷೇರುದಾರರೂ ಸಾಲ ಕೊಟ್ಟವರೂ ಒಟ್ಟಾರೆ ವರ್ಷಕ್ಕೆ ಬಯಸುವ ಲಾಭದ ದರ) ಕಂಡುಹಿಡಿಯಬೇಕು. ಕ್ಲಾಸಲ್ಲಿ ಕೊಟ್ಟ ಅಂಕಿ: ಷೇರಿನ ಬೆಲೆ 42.09 ಡಾಲರ್, ಷೇರು 27.15 ಕೋಟಿ, ಬ್ಯಾಲೆನ್ಸ್ ಶೀಟಿನಲ್ಲಿ ಷೇರುದಾರರ ಹಣ 349 ಕೋಟಿ ಡಾಲರ್, ಸಾಲ 130 ಕೋಟಿ. ಬೀಟಾ (ಪೇಟೆ ಏರಿಳಿದಾಗ ಈ ಷೇರು ಎಷ್ಟು ಏರಿಳಿಯುತ್ತೆ ಅನ್ನುವ ಅಳತೆ) 0.80, ಅಮೆರಿಕದ 20 ವರ್ಷದ ಸರ್ಕಾರಿ ಬಾಂಡ್ 5.74%, ರಿಸ್ಕ್ ಪ್ರೀಮಿಯಂ (ಸರ್ಕಾರಿ ಬಾಂಡಿಗಿಂತ ಷೇರುಪೇಟೆಯಲ್ಲಿ ಸಿಗುವ ಹೆಚ್ಚಿನ ಲಾಭ) 5.9%, ತೆರಿಗೆ 38%. ಷೇರಿನ ವೆಚ್ಚ 5.74 + 0.80 × 5.9 = 10.46%. ಸಾಲದ ವೆಚ್ಚಕ್ಕೆ ವರ್ಷದ ಬಡ್ಡಿಯನ್ನು ಸರಾಸರಿ ಸಾಲದಿಂದ ಭಾಗಿಸಿದೆ, 4.3% ಬಂತು. ಷೇರು 73%, ಸಾಲ 27% ಪಾಲಿನಂತೆ, ತೆರಿಗೆ ಕಳೆದು ಸೇರಿಸಿದರೆ ಒಟ್ಟು 8.4%. ಕೊನೆಯಲ್ಲಿ 2021ಕ್ಕೆ ತೀರುವ, ನೈಕಿಯದೇ 6.75% ಬಡ್ಡಿಯ ಬಾಂಡಿನ ಬೆಲೆ 95.60 ಅಂತಲೂ ಇದೆ. ಯಾಕೆ ಅಂತ ಗೊತ್ತಾಗದೆ ಬಿಟ್ಟೆ.

ಸಿಎ ಮೇಡಂ: ಬಿಟ್ಟಿದ್ದೇ ಮುಖ್ಯವಾದ ಸಾಲು! ಅಮೆರಿಕ ಸರ್ಕಾರವೇ 5.74% ಕೊಟ್ಟು ಸಾಲ ಎತ್ತುವಾಗ ಬೂಟು ಮಾರುವ ಕಂಪನಿಗೆ 4.3%ಕ್ಕೆ ಯಾರಮ್ಮ ಕೊಡ್ತಾರೆ? ನೀನು ಭಾಗಿಸಿದ್ದು ಹಳೇ ಬಡ್ಡಿ. ಅದರಲ್ಲಿ ಜಪಾನಿನ ಯೆನ್‌ನಲ್ಲಿ ಕಡಿಮೆ ಬಡ್ಡಿಗೆ ತಂದ ಸಾಲವೂ ಇದೆ. ನಮಗೆ ಬೇಕಿರುವುದು ಆ ಜುಲೈನಲ್ಲಿ ಹೊಸದಾಗಿ 20 ವರ್ಷಕ್ಕೆ ಡಾಲರ್ ಸಾಲ ಕೇಳಿದರೆ ಎಷ್ಟು ಬೀಳುತ್ತೆ ಅನ್ನುವುದು. ಅದನ್ನು ಆ 95.60 ಹೇಳುತ್ತೆ. 100ರ ಬಾಂಡು 95.60ಕ್ಕೆ ಸಿಗುತ್ತಿದೆ ಅಂದರೆ ಕೊಂಡವನಿಗೆ ವರ್ಷಕ್ಕೆ ಸುಮಾರು 7.16% ಸಿಗುತ್ತೆ. ಬಡ್ಡಿ ಕಟ್ಟಿದ್ದಕ್ಕೆ ಕಂಪನಿಗೆ ಉಳಿಯುವ 38% ತೆರಿಗೆ ಕಳೆದರೆ 4.44%.

ಇನ್ನೊಂದು ತಪ್ಪು, ತೂಕದ್ದು, ಅಂದರೆ ಸಾಲಕ್ಕೂ ಷೇರಿಗೂ ಕೊಟ್ಟ ಪಾಲಿನದ್ದು. 349 ಕೋಟಿ ಲೆಕ್ಕದ ಪುಸ್ತಕದ ಮಾತು. ಪೇಟೆಯಲ್ಲಿ ಅದೇ ಷೇರುಗಳಿಗೆ 1,143 ಕೋಟಿ ಡಾಲರ್ ಬೆಲೆ ಇದೆ. ಹಾಗಾಗಿ ಸಾಲದ ಪಾಲು 27% ಅಲ್ಲ, ಬರೀ 10%. ಷೇರಿನ ವೆಚ್ಚ 10.46% ಸರಿ ಮಾಡಿದ್ದೀಯ. ಈಗ ಸೇರಿಸು, 9.85% ಆಸುಪಾಸು ಬರುತ್ತೆ.

ಹುಬ್ಬಳ್ಳಿ ಅಣ್ಣ: ವಾಟ್ಸಾಪಲ್ಲಿ ಬಂದಿತ್ತು: ಯಾವ ಕಂಪನಿ ಆದ್ರೂ 12% ಹಾಕಿ, ಸಾಕು.

ಸಿಎ ಮೇಡಂ: ಆ ಫಾರ್ವರ್ಡ್ ಈ ತಿಂಗಳು ನಾಲ್ಕನೇ ಸಲ ನೋಡುತ್ತಿದ್ದೇನೆ. ಕಂಪನಿಗೆ ಮುಂದೆ ಬರುವ ಹಣವನ್ನು ಈ ದರದಲ್ಲಿ ತಗ್ಗಿಸಿಯೇ ಬೆಲೆ ಕಟ್ಟುವುದು. ದರ ಎರಡು ಪಾಯಿಂಟ್ ಏರಿಸಿದರೆ ಅಗ್ಗದ ಷೇರೂ ದುಬಾರಿ ಅಂತ ಕಾಣುತ್ತೆ. ದುಡ್ಡು ಹಾಕುವವರು ದಯವಿಟ್ಟು ನಂಬಬೇಡಿ.

ದಾವಣಗೆರೆ ಟ್ರೇಡರ್: ಅಡಿಡಾಸ್‌ಗೂ ಇದೇ 5.74 ನಡೆಯುತ್ತಾ?

ಸಿಎ ಮೇಡಂ: ಇಲ್ಲ. ಯೂರೋ ಲೆಕ್ಕಕ್ಕೆ ಯೂರೋದಲ್ಲೇ ಇರುವ ಸರ್ಕಾರಿ ಬಾಂಡ್.

ಕತಾರ್ ಕನ್ನಡಿಗ: ರಿಸ್ಕ್ ಪ್ರೀಮಿಯಂ 5.9 ಯಾಕೆ? ಅದು ಚಕ್ರಬಡ್ಡಿ ಲೆಕ್ಕದ ಸರಾಸರಿ. ಸರಾಸರಿ ಅಂದ್ರೆ ಕೂಡಿ ಭಾಗಿಸೋದು. ನಮ್ಮ ಮೇಷ್ಟ್ರು 7.5 ಅಂದಿದ್ರು.

ದಾವಣಗೆರೆ ಟ್ರೇಡರ್: ಈ ವರ್ಷ 50% ಏರಿ ಮುಂದಿನ ವರ್ಷ 50% ಇಳಿದ್ರೆ ನಿಮ್ಮ ಸರಾಸರಿ ಸೊನ್ನೆ. ಕೈಯಲ್ಲಿ ಉಳಿಯೋದು ನೂರಕ್ಕೆ 75. ಮೇಷ್ಟ್ರಿಗೆ ಹೇಳಿ.

ಕತಾರ್ ಕನ್ನಡಿಗ: ಮೇಷ್ಟ್ರ ಸುದ್ದಿ ಬೇಡ. ಮುಂದಿನ ಒಂದು ವರ್ಷಕ್ಕೆ ಅಂದಾಜು ಮಾಡೋದಾದ್ರೆ ಕೂಡಿ ಭಾಗಿಸೋದೇ ಸರಿ.

ದಾವಣಗೆರೆ ಟ್ರೇಡರ್: ಒಂದು ವರ್ಷಕ್ಕೆ ಯಾರ್ರೀ ಕಂಪನಿ ಬೆಲೆ ಕಟ್ತಾರೆ?

ಮೈಸೂರು ಎಂಬಿಎ: ಮೇಡಂ, ಬಾಡಿಗೆ ಅಂಗಡಿಗಳ ಲೀಸನ್ನೂ ಸಾಲಕ್ಕೆ ಸೇರಿಸಬೇಕಾ?

ಹುಬ್ಬಳ್ಳಿ ಅಣ್ಣ: ಅದು ನೈಕ್ ಅಲ್ವಾ? ನೈಕಿ ಯಾರು?

ಕತಾರ್ ಕನ್ನಡಿಗ: ಗ್ರೀಕರ ಗೆಲುವಿನ ದೇವತೆ. ನೈಕಿನೇ ಸರಿ.

ಹುಬ್ಬಳ್ಳಿ ಅಣ್ಣ: ಸಾಲ ಅಗ್ಗ ಅಂದ್ಮೇಲೆ ಪೂರ್ತಿ ಸಾಲ ಮಾಡಿದ್ರೆ ವೆಚ್ಚ 4.44 ಆಗಲ್ವಾ?

ಸಿಎ ಮೇಡಂ: ಮಾಡಿ ನೋಡಿ. ಪೂರ್ತಿ ಸಾಲದಲ್ಲಿ ಇರುವವರಿಗೆ 7.16ಕ್ಕೆ ಯಾರೂ ಕೊಡಲ್ಲ. ಷೇರಿಗೆ ದುಡ್ಡು ಹಾಕಿದವರೂ ಜಾಸ್ತಿ ಕೇಳ್ತಾರೆ.

ಬೀದರ್ ಸದಸ್ಯ: ಮೇಡಂ, 12% ಹಾಕಬಹುದಾ?

ಸಿಎ ಮೇಡಂ: ಮೇಲೆ ಓದಿ.

ದಾವಣಗೆರೆ ಟ್ರೇಡರ್: ಕತಾರ್ ಅವರೇ, ಉತ್ತರ ಕೊಡದೆ ಎಲ್ಲಿ ಹೋದ್ರಿ?