ಹೊಸ ಹಿಂಚಕ್ರ ಬೇರಿಂಗ್, ಮತ್ತೆ ಗುಂಯ್ ಸದ್ದು

ಪ್ರಶ್ನೆ: ಕಾರಿನ ಹಿಂಚಕ್ರದ ಬ್ರೇಕ್ ಡ್ರಮ್‌ಗೆ ಪ್ರೆಸ್ ಮಾಡಿ ಕೂರಿಸುವ ಬೇರಿಂಗ್. ಹೊಸದು ಹಾಕಿ ವಾರವಾಗಿಲ್ಲ, 50ರ ವೇಗ ದಾಟಿದರೆ ಗುಂಯ್ ಅನ್ನುತ್ತಿದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಹತ್ತಿದೆ. ಎಲ್ಲಿ ತಪ್ಪಿರಬಹುದು?

ಉತ್ತರ 1: ಬಹುಶಃ ಒಳ ರೇಸ್ (ಗುಂಡುಗಳು ಉರುಳುವ ಒಳಬಳೆ) ಮೇಲೆ ಒತ್ತಿ ಕೂರಿಸಿದ್ದೀರಿ. ಆಗ ಒತ್ತಡವೆಲ್ಲ ಗುಂಡುಗಳ ಮೇಲೆ ಬಿದ್ದು ರೇಸ್‌ನಲ್ಲಿ ಸಣ್ಣ ಕುಳಿಗಳಾಗುತ್ತವೆ. ಬೇರಿಂಗ್ ಕಥೆ ಅಲ್ಲಿಗೇ ಮುಗೀತು. ಡ್ರಮ್‌ಗೆ ಹಾಕುವಾಗ ಹೊರ ರೇಸ್ ಮೇಲಷ್ಟೇ ಒತ್ತಬೇಕು. ಹಳೇ ಬೇರಿಂಗ್‌ನ ಹೊರ ರೇಸನ್ನು ಸುತ್ತಲೂ ತುಸು ಗ್ರೈಂಡ್ ಮಾಡಿಟ್ಟುಕೊಂಡರೆ ಒತ್ತಲು ಅದೇ ಸಾಕು. ಸುತ್ತಿಗೆ ಬೇಡವೇ ಬೇಡ. ಬೇರಿಂಗ್ ಜರುಗದಂತೆ ಹಿಡಿಯುವ ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯೇ ನೋಡಿ.

ಉತ್ತರ 2: ದೀಪ ಹತ್ತಿದೆ ಅಂದರೆ ಬೇರಿಂಗ್ ತಿರುಗುಮುರುಗಾಗಿರಬಹುದು. ಇಂಥವುಗಳಲ್ಲಿ ಒಂದು ಬದಿಯ ಸೀಲ್‌ನಲ್ಲೇ ಕಾಂತೀಯ ಪಟ್ಟಿ ಇರುತ್ತದೆ, ಅದು ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರ್ ಕಡೆಗಿರಬೇಕು. ಸಣ್ಣ ಪೇಪರ್ ಕ್ಲಿಪ್ ಯಾವ ಬದಿಗೆ ಅಂಟುತ್ತದೋ ಅದೇ.

ಉತ್ತರ 3: ಡ್ರಮ್ ಹಿಡಿದಿಡುವ ನಡುವಿನ ನಟ್ ಹೊಸದೇ ಹಾಕಿ. ಇಂಪ್ಯಾಕ್ಟ್ ಗನ್ ಬಿಟ್ಟು, ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೇ (ತಿರುಚುವ ಬಲದ ಅಳತೆ) ಬಿಗಿಮಾಡಿ.