ಅಮೆರಿಕದಲ್ಲಿ ಸರ್ಕಾರ ‘ಬಂದ್’ ಆದರೆ ಪೆಟ್ಟು ಬೀಳುವುದು ಯಾರಿಗೆ?

ಪ್ರಶ್ನೆ (ದಾವಣಗೆರೆಯಿಂದ, 2025ರ ನವೆಂಬರ್)
ನನ್ನ ಮಗ ವರ್ಜೀನಿಯಾದಲ್ಲಿದ್ದಾನೆ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಬಜೆಟ್ ಮಂಜೂರಾಗದೆ, ಅಲ್ಲಿ ಸರ್ಕಾರ ಬಂದ್ ಆಗಿತ್ತು. ಕೇಳಿದಾಗಲೆಲ್ಲ ‘ನನಗೇನೂ ತೊಂದರೆಯಿಲ್ಲ ಅಪ್ಪಾ’ ಎನ್ನುತ್ತಿದ್ದ. ನಮ್ಮಲ್ಲಿ ಲೋಕಸಭೆ ಬಜೆಟ್ ತಿರಸ್ಕರಿಸಿದರೆ ಸರ್ಕಾರವೇ ಬೀಳುತ್ತದೆ. ಅಲ್ಲಿ ಸರ್ಕಾರ ಬೀಳುವುದಿಲ್ಲ, ಕಚೇರಿಗೆ ಬೀಗ ಬೀಳುತ್ತದೆ! ಇದೆಂಥ ವ್ಯವಸ್ಥೆ? ಕಷ್ಟಪಡುವವರು ಯಾರು?

ಉತ್ತರ 1 (ಮೇರಿಲ್ಯಾಂಡ್‌ನಿಂದ)
ಹಿರಿಯರೇ, ನಿಮ್ಮ ಮಗ ಖಾಸಗಿ ಕಂಪನಿಯಲ್ಲಿರಬೇಕು. ನಮ್ಮ ಮನೆಯವರು ಒಂದು ಕೇಂದ್ರ ಇಲಾಖೆಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ಆ 43 ದಿನ ನಮ್ಮ ಮನೆಗೆ ಅವರ ಸಂಬಳದ ಒಂದು ಡಾಲರ್ ಬರಲಿಲ್ಲ.

ಸಂಸತ್ತು ಮಂಜೂರು ಮಾಡದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಇಲ್ಲಿನ ಸಂವಿಧಾನವೇ ಹೇಳುತ್ತದೆ. ಆದರೂ 1980ರ ತನಕ ಮಂಜೂರಾತಿ ತಡವಾದರೆ ಕಚೇರಿಗಳು ಹೇಗೋ ನಡೆಯುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಸಿವಿಲೆಟಿ ಹಳೆಯ ಕಾನೂನೊಂದನ್ನು ಬಿಗಿಯಾಗಿ ಓದಿ, ಹಣವಿಲ್ಲದಿದ್ದರೆ ಬಾಗಿಲು ಹಾಕಿ ಎಂದರು. ಈ ಬೀಗದ ಸಂಪ್ರದಾಯ ಅಷ್ಟು ಹೊಸದು.

ಕಾಯಂ ನೌಕರರಿಗೆ ಬಾಕಿ ಸಂಬಳ ಕೊಡಲೇಬೇಕೆಂದು 2019ರಲ್ಲಿ ಕಾನೂನಾಯಿತು. ಈ ಸಲ ಶ್ವೇತಭವನ ಅದಕ್ಕೂ ಅಪಸ್ವರ ಎತ್ತಿತ್ತು. ಕೊನೆಗೆ ಬಾಕಿ ಸಿಗುವುದು ಖಚಿತವಾಯಿತು. ಗುತ್ತಿಗೆಯವರಿಗೆ ಅಂಥ ಕಾನೂನಿಲ್ಲ. ಕಟ್ಟಡ ಗುಡಿಸುವವರು, ಕ್ಯಾಂಟೀನಿನವರು, ಕಾವಲುಗಾರರು ಎಲ್ಲರೂ ನಮ್ಮ ಸಾಲಿನವರೇ. ಮನೆಯವರ ಕಂಪನಿ ಮೊದಲು ರಜೆಗಳನ್ನೆಲ್ಲ ಮುಗಿಸಿಕೊಳ್ಳಿ ಎಂದಿತು. ಮಾವನವರ ವರ್ಷಾಬ್ದಿಕಕ್ಕೆ ಊರಿಗೆ ಬರಲು ಕೂಡಿಟ್ಟ ರಜೆ ಹಾಗೆ ಹೋಯಿತು. ಸಂಸತ್ ಸದಸ್ಯರ ಸಂಬಳ ಮಾತ್ರ ನಿಲ್ಲಲಿಲ್ಲ, ಅದಕ್ಕೆ ಶಾಶ್ವತ ಮಂಜೂರಾತಿ ಇದೆ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಉತ್ತರ 2 (ಷಿಕಾಗೊದಿಂದ)
ಬಡವರ ಮಾತನ್ನೂ ಸೇರಿಸಿ. ಸರ್ಕಾರದ ಆಹಾರ ನೆರವನ್ನು ನಂಬಿದವರು ಸುಮಾರು 4.2 ಕೋಟಿ ಜನ. ನವೆಂಬರಿನ ಹಣ ತಡೆಹಿಡಿಯಲ್ಪಟ್ಟಿತು. ಆಪತ್ ನಿಧಿ ಬಳಸಿ ಎಂದು ನ್ಯಾಯಾಧೀಶರು ಹೇಳಿದರೆ ಸರ್ಕಾರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಾನು ಶನಿವಾರಗಳಲ್ಲಿ ಹೋಗುವ ಆಹಾರ ವಿತರಣಾ ಕೇಂದ್ರದಲ್ಲಿ ಮಧ್ಯಾಹ್ನದೊಳಗೆ ಅಕ್ಕಿ, ಬೀನ್ಸ್ ಖಾಲಿಯಾಗುತ್ತಿದ್ದವು.

ಉತ್ತರ 3 (ಬೆಂಗಳೂರಿನಿಂದ)
ಎಚ್-1ಬಿ ವೀಸಾದವರಿಗೂ ಬಿಸಿ ತಟ್ಟಿದೆ. ಅರ್ಜಿಗೆ ಮೊದಲು ಕಾರ್ಮಿಕ ಇಲಾಖೆಯ ಒಪ್ಪಿಗೆ ಬೇಕು, ಅಕ್ಟೋಬರಿನಲ್ಲಿ ಆ ಕೆಲಸವೇ ನಿಂತಿತ್ತು. ನನ್ನ ತಂಗಿ ಕೆಲಸ ಬದಲಿಸುವುದು ಅಲ್ಲಿಗೇ ತಡೆಯಿತು.

ಪ್ರಶ್ನೆ ಕೇಳಿದವರು
ಇಷ್ಟೆಲ್ಲ ಮಾಡಿ ಗೆದ್ದವರು ಯಾರು? ಎರಡೂ ಸದನಗಳಲ್ಲಿ ಟ್ರಂಪ್ ಪಕ್ಷಕ್ಕೇ ಬಹುಮತವಿದೆಯಲ್ಲ? ಜನವರಿ ಕೊನೆಗೆ ನಾವಿಬ್ಬರೂ ಮಗನ ಮನೆಗೆ ಹೊರಟಿದ್ದೇವೆ.

ಉತ್ತರ 1 (ಮೇರಿಲ್ಯಾಂಡ್‌ನಿಂದ)
ಬಹುಮತವಿದೆ, ಆದರೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ಮತ ಬೇಕು. ಅವರಲ್ಲಿ ಇರುವುದು 53. 2025ರ ಅಂತ್ಯಕ್ಕೆ ಮುಗಿಯಲಿದ್ದ ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸಿ ಎಂದು ವಿರೋಧ ಪಕ್ಷದ ಡೆಮಾಕ್ರಟರು ಪಟ್ಟು ಹಿಡಿದರು. ಸಿಕ್ಕಿದ್ದು ಸೆನೆಟ್‌ನಲ್ಲಿ ಮತಕ್ಕೆ ಹಾಕುವ ಭರವಸೆ ಮಾತ್ರ. ನನ್ನನ್ನು ಕೇಳಿದರೆ ಯಾರೂ ಗೆಲ್ಲಲಿಲ್ಲ. ಸಂಬಳವಿಲ್ಲದೆ ದುಡಿದ ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ 40 ದೊಡ್ಡ ನಿಲ್ದಾಣಗಳಲ್ಲಿ ಹಾರಾಟ ಕಡಿತವಾದ ಮೇಲೆ ಎಲ್ಲರಿಗೂ ಅವಸರ ಹತ್ತಿತು. 2019ರಲ್ಲಿಯೂ ನ್ಯೂಯಾರ್ಕ್‌ನ ಲಾಗಾರ್ಡಿಯಾದಲ್ಲಿ ವಿಮಾನಗಳು ನಿಂತ ದಿನವೇ 35 ದಿನಗಳ ಬಂದ್ ಮುಗಿದಿತ್ತು.

ನವೆಂಬರ್ 12ರಂದು ಆಹಾರ ನೆರವು ನೋಡಿಕೊಳ್ಳುವ ಕೃಷಿ ಇಲಾಖೆಯಂಥ ಕೆಲವಕ್ಕೆ ಇಡೀ ವರ್ಷದ ಹಣ ಸಿಕ್ಕಿತು, ಹೀಗಾಗಿ ಆ ನೆರವು ಆ ವರ್ಷಕ್ಕೆ ಭದ್ರವಾಯಿತು. ಉಳಿದವಕ್ಕೆ ಸಿಕ್ಕಿದ್ದು 2026ರ ಜನವರಿ 30ರವರೆಗೆ ಮಾತ್ರ. ನಮ್ಮ ಮನೆಯವರ ಇಲಾಖೆ ಆ ಉಳಿದವುಗಳಲ್ಲಿದೆ. ನಿಮ್ಮ ಟಿಕೆಟ್ ಇನ್ನೂ ಆಗಿಲ್ಲವಾದರೆ ಜನವರಿ ಮಧ್ಯಕ್ಕೇ ಬಂದುಬಿಡಿ.