18 ಕಿಲೋಮೀಟರ್ ಎತ್ತರದಲ್ಲಿ ನಮ್ಮ ಬಲೂನಿನ ಜಿಪಿಎಸ್ ನಿಂತುಹೋಯಿತು, ಕಾರಣವೇನು?

ಬಾಗೇವಾಡಿಯ ವಿಜ್ಞಾನ ಶಿಕ್ಷಕ:

ನಮಸ್ಕಾರ. ಬಸವನ ಬಾಗೇವಾಡಿಯ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಎಂಟು ತಿಂಗಳು ದುಡಿದು, ಅನುಮತಿಗಾಗಿ ಪತ್ರದ ಮೇಲೆ ಪತ್ರ ಬರೆದು, ಕಳೆದ ಫೆಬ್ರುವರಿಯ ಮೊದಲ ಭಾನುವಾರ ಕ್ಯಾಮೆರಾ ಹೊತ್ತ ಬಲೂನನ್ನು ಹಾರಿಸಿದೆವು. 600 ಗ್ರಾಂನ ಲೇಟೆಕ್ಸ್ ಬಲೂನು, ಸುಮಾರು ಎರಡು ಘನ ಮೀಟರ್ ಹೀಲಿಯಂ, ಪ್ಯಾರಾಚೂಟ್, 700 ಗ್ರಾಂನ ಥರ್ಮೋಕೋಲ್ ಪೆಟ್ಟಿಗೆ. ಒಳಗೆ ಪುಟ್ಟ ಆಕ್ಷನ್ ಕ್ಯಾಮೆರಾ, ಜಿಪಿಎಸ್ ಮತ್ತು ಅಂಕಿಗಳನ್ನು ದೂರದಿಂದ ನಮಗೆ ಕಳುಹಿಸುವ 866 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ.

ಬೆಳಿಗ್ಗೆ 9.10ಕ್ಕೆ ಬಿಟ್ಟೆವು. ಸೆಕೆಂಡಿಗೆ ಐದು ಮೀಟರ್‌ನಂತೆ ಏರಿತು. ಶಾಲೆಯ ಮಾಳಿಗೆಯ ಮೇಲೆ ಕುಳಿತ ಮಕ್ಕಳು ಪ್ರತಿ ಅಂಕಿಯನ್ನೂ ಕೂಗಿ ಹೇಳುತ್ತಿದ್ದರು. 10.08ಕ್ಕೆ 17,998 ಮೀಟರ್ ಎಂದು ಬಂತು. ಆಮೇಲೆಯೂ ಅದೇ ಅಂಕಿ, ಮತ್ತೆ ಅದೇ. ಅರ್ಧ ಗಂಟೆ ಕಾದೆವು. ಯಂತ್ರ ಕೆಟ್ಟಿತೆಂದು ನಾನೇ ರಿಸೀವರ್ ಆರಿಸಿ ಮಕ್ಕಳನ್ನು ಮನೆಗೆ ಕಳುಹಿಸಿದೆ.

ಒಂಬತ್ತು ದಿನಗಳ ನಂತರ ಹುಣಸಗಿಯ ಕಡೆಯಿಂದ ಕುರಿಗಾಹಿಯೊಬ್ಬರು ಕರೆ ಮಾಡಿದರು. ಹತ್ತಿ ಬಿಡಿಸಿದ ಹೊಲದಲ್ಲಿ ಪೆಟ್ಟಿಗೆ ಸಿಕ್ಕಿತ್ತಂತೆ. ಮೇಲೆ ಅಂಟಿಸಿದ್ದ ಕನ್ನಡದ ಪತ್ರವನ್ನು ಅವರ ಮಗಳು ಓದಿ ಹೇಳಿದ್ದಳು. ನಾವು ಹೋಗುವವರೆಗೆ ಇಬ್ಬನಿ ತಾಗದಂತೆ ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದರು. ಹಣ ಕೊಡಲು ಹೋದರೆ ಮುಟ್ಟಲಿಲ್ಲ.

ಮೆಮೊರಿ ಕಾರ್ಡ್ ನೋಡಿದಾಗ ಎರಡು ಸಂಗತಿಗಳು ತಿಳಿದವು. 17,998 ಎಂಬ ಅಂಕಿ ನಲವತ್ತು ನಿಮಿಷಕ್ಕೂ ಹೆಚ್ಚು ಕಾಲ ಹಾಗೆಯೇ ಇದ್ದು, ನಂತರ ಇಳಿಯತೊಡಗಿದೆ. ಎಂದರೆ ನಾವು ರಿಸೀವರ್ ಆರಿಸಿದ ಮೇಲೆ ಪೆಟ್ಟಿಗೆ ಮತ್ತೆ ಸರಿಯಾಗಿ ಮಾತನಾಡಿದೆ. ಕ್ಯಾಮೆರಾ ಮಾತ್ರ 46ನೆಯ ನಿಮಿಷಕ್ಕೇ ನಿಂತಿದೆ. ಕೊನೆಯ ಚಿತ್ರದಲ್ಲಿ ಆಲಮಟ್ಟಿಯ ಹಿನ್ನೀರು ಅಂಗೈಯಷ್ಟಿದೆ, ಆಕಾಶ ಕಡುನೀಲಿ. ಒಬ್ಬ ಹುಡುಗಿ ಕೇಳಿದಳು, 'ಸರ್, ನೀವು ಹೇಳಿದ ಕಪ್ಪು ಆಕಾಶ ಎಲ್ಲಿದೆ?' ಅವಳಿಗೆ ಅದನ್ನು ತೋರಿಸಬೇಕು. ತಪ್ಪಿದ್ದು ಎಲ್ಲಿ?

ಬೆಳಗಾವಿಯ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ):

ನಿಮ್ಮ ಪೆಟ್ಟಿಗೆ ಕೆಟ್ಟಿಲ್ಲ, ಕಟ್ಟಳೆ ಪಾಲಿಸಿದೆ. ಜಿಪಿಎಸ್ ಚಿಪ್ಪುಗಳು ಕ್ಷಿಪಣಿಗಳಿಗೆ ಬಳಕೆಯಾಗಬಾರದೆಂದು ಶೀತಲ ಸಮರದ ಕಾಲದಲ್ಲಿ ಕೋಕಾಮ್ (ಪಾಶ್ಚಾತ್ಯ ದೇಶಗಳ ರಫ್ತು ನಿಯಂತ್ರಣ ಸಮಿತಿ) ಮಿತಿ ಬಂತು: 18,000 ಮೀಟರ್ ಎತ್ತರ, 1,000 ನಾಟ್ (ಗಂಟೆಗೆ ಸುಮಾರು 1,850 ಕಿಲೋಮೀಟರ್) ವೇಗ. ಎರಡನ್ನೂ ಮೀರಿದಾಗ ಮಾತ್ರ ಚಿಪ್ಪು ಸುಮ್ಮನಾದರೆ ಸಾಕಿತ್ತು. ಆದರೆ ಕೆಲವು ತಯಾರಕರು ಒಂದನ್ನು ಮೀರಿದರೂ ಬಾಯಿ ಮುಚ್ಚುವಂತೆ ಮಾಡಿರುತ್ತಾರೆ. ನಿಮ್ಮದು ಅಂಥದ್ದು. ಅದು ನಿಂತ ಮೇಲೆ ನಿಮ್ಮ ಪ್ರೋಗ್ರಾಂ ಕೊನೆಯ ಅಂಕಿಯನ್ನೇ ಕಳುಹಿಸುತ್ತಾ ಹೋಯಿತು.

ಇನ್ನೊಂದು ಸುಳಿವು. ಯು-ಬ್ಲಾಕ್ಸ್ ಕಂಪನಿಯ ಚಿಪ್ಪಾಗಿದ್ದು ಸೆಟ್ಟಿಂಗ್ ಮರೆತಿದ್ದರೆ 12,000 ಮೀಟರ್‌ಗೇ ತೊಡಕು ಶುರುವಾಗುತ್ತಿತ್ತು, ಏಕೆಂದರೆ ಅದರ ಮೂಲ ಸ್ಥಿತಿಯ ಮಿತಿ ಅಷ್ಟೇ. ನಿಮ್ಮದು 18ಕ್ಕೆ ನಿಂತಿದೆ, ಹಾಗಾಗಿ ಬೇರೆ ಕಂಪನಿಯದೇ ಇರಬೇಕು. ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ, ಬದಲಾಯಿಸಿ. ಯು-ಬ್ಲಾಕ್ಸ್ ತಂದು 'ಏರ್‌ಬೋರ್ನ್' (ಹಾರಾಟದ) ಸ್ಥಿತಿಗೆ ಹಾಕಿದರೆ 50 ಕಿಲೋಮೀಟರ್‌ವರೆಗೆ ಕೆಲಸ ಮಾಡುತ್ತದೆ. ಅಗ್ಗದ ಮಾಡ್ಯೂಲ್‌ಗಳು ವಿದ್ಯುತ್ ಹೋದರೆ ಈ ಸ್ಥಿತಿಯನ್ನು ಮರೆಯುತ್ತವೆ. ಆದ್ದರಿಂದ ಪ್ರತಿ ಬಾರಿ ಚಾಲೂ ಆದಾಗಲೂ ಆಜ್ಞೆ ಕಳುಹಿಸಿ, ಸ್ವೀಕರಿಸಿತೇ ಎಂದು ಮರಳಿ ಕೇಳುವಂತೆ ಪ್ರೋಗ್ರಾಂ ಬರೆಯಿರಿ.

ಕ್ಯಾಮೆರಾವನ್ನು ನಿಲ್ಲಿಸಿದ್ದು ಚಳಿ. ಯುರೋಪಿನವರು ಬರೆದ ಕೈಪಿಡಿಗಳನ್ನು ನಂಬಿ ನಾನೂ ಒಮ್ಮೆ ಕ್ಯಾಮೆರಾ ಹೆಪ್ಪುಗಟ್ಟಿಸಿಕೊಂಡಿದ್ದೇನೆ. ಅಲ್ಲಿ ಹನ್ನೊಂದು ಕಿಲೋಮೀಟರ್ ಸುಮಾರಿಗೆ ತಾಪಮಾನ ಇಳಿಯುವುದು ನಿಲ್ಲುತ್ತದೆ. ನಮ್ಮ ಉಷ್ಣವಲಯದಲ್ಲಿ ಅದು 16-17 ಕಿಲೋಮೀಟರ್‌ವರೆಗೂ ಇಳಿಯುತ್ತಲೇ ಹೋಗಿ ಮೈನಸ್ 75ರಿಂದ 80 ಡಿಗ್ರಿ ಮುಟ್ಟುತ್ತದೆ. ನೆಲದ ಮೇಲೆ ಬಿಸಿಲು ಕಾಯುವ ವಿಜಯಪುರದ ನೆತ್ತಿಯ ಮೇಲೆ ಲಂಡನ್ನಿನ ಮೇಲಿಗಿಂತ ಹೆಚ್ಚು ಚಳಿಯಿದೆ ಎಂದರೆ ಮಕ್ಕಳು ನಂಬಲಿಕ್ಕಿಲ್ಲ, ಆದರೂ ಹೇಳಿ. ರೀಚಾರ್ಜ್ ಆಗುವ ಬ್ಯಾಟರಿ ಬಿಟ್ಟು, ಒಮ್ಮೆ ಬಳಸಿ ಎಸೆಯುವ ಲಿಥಿಯಂ ಸೆಲ್ಲುಗಳಿಂದ ಕ್ಯಾಮೆರಾಗೆ ವಿದ್ಯುತ್ ಕೊಡಿ. ಲೆನ್ಸಿನ ಸುತ್ತ ಸಂದಿ ಬಿಡಬೇಡಿ.

ಮುಧೋಳದಿಂದ:

ಹಾರಿಸುವ ಮೊದಲು ನೆಲದ ಮೇಲೆಯೇ ಪರೀಕ್ಷಿಸಿ. ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರ್ ಮೈನಸ್ 18 ಮಾತ್ರ, ಅದು ಸಾಲದು. ಒಣ ಮಂಜುಗಡ್ಡೆ, ಅಂದರೆ ಘನ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ನಿಮಗೆ ಬೇಕಾದ ಚಳಿಯೇ ಅದು! ದಪ್ಪ ಥರ್ಮೋಕೋಲ್ ಡಬ್ಬಿಯಲ್ಲಿ ಅದನ್ನು ಹಾಕಿ, ಮುಚ್ಚಳ ಬಿಗಿಯದೆ, ನಿಮ್ಮ ಪೆಟ್ಟಿಗೆಯನ್ನು ಎರಡು ಗಂಟೆ ಒಳಗಿಡಿ. ಬಯಲಿನಲ್ಲಿ ಮಾಡಿ, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳು ದೂರವಿರಲಿ.

ಪತ್ರ ಅಂಟಿಸಿದ್ದು ಬಹಳ ಒಳ್ಳೆಯದಾಯಿತು. 2025ರ ಜನವರಿಯಲ್ಲಿ ಹೈದರಾಬಾದಿನಿಂದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಹಾರಿಸಿದ ಬಲೂನು ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಳಿದಾಗ ಊರಿನವರು ಎಷ್ಟು ಗಾಬರಿಗೊಂಡಿದ್ದರು ಎಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆಕಾಶದಿಂದ ಕೆಂಪು ದೀಪದ ಪೆಟ್ಟಿಗೆ ಬಿದ್ದರೆ ಯಾರಾದರೂ ಹೆದರುತ್ತಾರೆ.

ಮುಂದಿನದನ್ನು ಆಷಾಢದಲ್ಲಿ ಹಾರಿಸಿದರೆ ಹೇಗೆ? ಕೆಳಗೆ ಪಡುವಣ ಗಾಳಿ, ಮೇಲೆ ಮೂಡಣ ಗಾಳಿ. ಹೋದದ್ದು ಮರಳಿ ಬರುತ್ತದೆ.

ಬೆಳಗಾವಿಯ ಹ್ಯಾಮ್:

ಲೆಕ್ಕ ಸರಿ, ಆದರೆ ಒಪ್ಪುವುದಿಲ್ಲ. ಮೋಡದಲ್ಲಿ ಲೆನ್ಸ್ ನೆನೆಯುತ್ತದೆ, ಕೆಳಗೆ ಏನೂ ಕಾಣುವುದಿಲ್ಲ. ಮೂಡಣ ಗಾಳಿ ಸ್ವಲ್ಪ ಜೋರಾದರೆ ಪೆಟ್ಟಿಗೆ ಹಿನ್ನೀರಿನಲ್ಲಿ ಬೀಳುತ್ತದೆ. ಬೆಳಗಾವಿಯಿಂದ ಬಿಟ್ಟರಂತೂ ಘಟ್ಟದ ಕಾಡೇ ಗತಿ. ಹಿಂಗಾರು ಮಳೆ ಮುಗಿದ ಮೇಲೆ ಬಿಡಿ. ನಿಮ್ಮ ಎರೆ ಬಯಲಿನಂತಹ ಇಳಿದಾಣ ನಮಗ್ಯಾರಿಗೂ ಇಲ್ಲ.

ಆ ಹುಡುಗಿಗೆ ಇದನ್ನೂ ಹೇಳಿ: 30 ಕಿಲೋಮೀಟರ್ ಎತ್ತರದಿಂದ ದಿಗಂತ 600 ಕಿಲೋಮೀಟರ್‌ಗಿಂತ ದೂರ. ಮಬ್ಬಿಲ್ಲದಿದ್ದರೆ ನಿಮ್ಮ ಬಲೂನಿನ ಕಣ್ಣಳತೆಯಲ್ಲಿ ರತ್ನಾಗಿರಿಯ ಕಡಲೂ ಮಚಲಿಪಟ್ಟಣದ ಕಡಲೂ ಇರುತ್ತವೆ.

ಬಾಗೇವಾಡಿಯ ವಿಜ್ಞಾನ ಶಿಕ್ಷಕ:

ಮಾಡ್ಯೂಲ್ ಬಿಚ್ಚಿ ನೋಡಿದೆ, ಯು-ಬ್ಲಾಕ್ಸ್ ಅಲ್ಲ. ಎರಡು ಕಡಲಿನ ಮಾತನ್ನು ಕೇಳಿದ ಮಕ್ಕಳು ಗೋಡೆಯ ಭೂಪಟದ ಮೇಲೆ ದಾರ ಹಿಡಿದು ಅಳೆದರು, ನಿಜವೇ. ಅನುಮತಿಯ ಅರ್ಜಿಯನ್ನು ಡಿಸೆಂಬರ್‌ಗೆಂದು ಈಗಲೇ ಬರೆಯುತ್ತಿದ್ದೇನೆ. ಪತ್ರ ಈ ಬಾರಿ ಕನ್ನಡದ ಜೊತೆಗೆ ತೆಲುಗಿನಲ್ಲೂ ಮರಾಠಿಯಲ್ಲೂ ಇರುತ್ತದೆ. ಹುಣಸಗಿಯ ಆ ತಂದೆ, ಮಗಳನ್ನು ಹಾರಿಸುವ ದಿನಕ್ಕೆ ಕರೆದಿದ್ದೇವೆ. ರಿಸೀವರನ್ನು ಸಂಜೆಯವರೆಗೆ ಆರಿಸುವುದಿಲ್ಲ.